ಬ್ರಾಯ್ಲರ್ ಫೀಡಿಗೆ ಎಂಜೈಮ್: ಮೊದಲು ಚೀಲ ನೋಡಿ, ಆಮೇಲೆ ಪ್ಯಾಕೆಟ್ ಕೊಳ್ಳಿ

ಪುಣೆ–ಸೋಲಾಪುರ ರಸ್ತೆ ಹಿಡಿದು ಉರುಳಿ ಕಾಂಚನ್ ದಾಟಿದರೆ ಯವತ್, ಕೇಡಗಾಂವ್, ಪಾಟಸ್. ಕಬ್ಬಿನ ಹೊಲಗಳ ನಡುವೆ ಅಲ್ಲಲ್ಲಿ ಕೋಳಿ ಶೆಡ್. ಶೆಡ್‌ಗಳಲ್ಲಿ ದುಡಿಯುವವರಲ್ಲಿ ಇಂಡಿ, ಸಿಂದಗಿ, ಅಫಜಲಪುರದ ಕಡೆಯವರು ಬಹಳ. ನಾನೂ ಇಂಡಿ ತಾಲ್ಲೂಕಿನವಳೇ. ಯವತ್ ಹತ್ತಿರ ನಮ್ಮದು ಎರಡು ಶೆಡ್ ಇವೆ. ಪಕ್ಕದಲ್ಲೇ ಒಂದು ಗ್ರೈಂಡರ್, ಒಂದು ಮಿಕ್ಸರ್. ಫೀಡ್ ನಾವೇ ಕಲಸುತ್ತೇವೆ. ಸುತ್ತಮುತ್ತಲಿನ ನಮ್ಮವರು ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಅಕ್ಕಾ, ಯಾವ ಎಂಜೈಮ್ ಹಾಕ್ಲಿ?" ನಾನು ತಿರುಗಿ ಕೇಳುವುದೂ ಒಂದೇ: "ನಿಮ್ಮ ಫೀಡಿನಲ್ಲಿ ಏನೇನಿದೆ?"

ಈ ಪ್ರಶ್ನೆಗೆ ಉತ್ತರ ಇಲ್ಲದೆ ಎಂಜೈಮ್ ಕೊಳ್ಳಬೇಡಿ. ಒಂದೊಂದು ಎಂಜೈಮ್ ಒಂದೊಂದು ವಸ್ತುವನ್ನು ಮಾತ್ರ ಒಡೆಯುತ್ತದೆ. ಆ ವಸ್ತು ಫೀಡಿನಲ್ಲಿ ಇದ್ದರೆ ಅದಕ್ಕೆ ಕೆಲಸ ಇದೆ. ಇಲ್ಲದಿದ್ದರೆ ನೀವು ಕೊಟ್ಟ ದುಡ್ಡು ಹಿಕ್ಕೆಯಲ್ಲಿ ಹೋಗುತ್ತದೆ. ಅಂಗಡಿಯವರು "ತಾಈ, ಹೇ ಟಾಕಾ, ವಜನ್ ವಾಢೇಲ್" (ಅಕ್ಕಾ, ಇದು ಹಾಕಿ, ತೂಕ ಹೆಚ್ಚುತ್ತದೆ) ಅಂತಾರೆ. ತೂಕ ಬರಬಹುದು, ಬಾರದೇ ಇರಬಹುದು. ಅದನ್ನು ಹೇಳುವುದು ನಿಮ್ಮ ಫಾರ್ಮುಲಾ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀವು ಕಂಪನಿಯ ಗುತ್ತಿಗೆಯಲ್ಲಿ ಕೋಳಿ ಸಾಕುತ್ತಿದ್ದರೆ, ಫೀಡ್ ಅವರಿಂದಲೇ ಬರುತ್ತಿದ್ದರೆ, ಮೇಲಿಂದ ಏನೂ ಸೇರಿಸಬೇಡಿ. ಅಂಥ ಫೀಡಿನಲ್ಲಿ ಸಾಮಾನ್ಯವಾಗಿ ಎಂಜೈಮ್ ಮೊದಲೇ ಇರುತ್ತದೆ, ಅದರ ಲೆಕ್ಕ ಹಿಡಿದೇ ಫಾರ್ಮುಲಾ ಮಾಡಿರುತ್ತಾರೆ. ಇಲ್ಲಿ ಬರೆದಿರುವುದು ಸ್ವಂತ ಮರಿ ಹಾಕಿ, ಸ್ವಂತ ಫೀಡ್ ಕಲಸುವವರಿಗೆ.

ಫೈಟೇಸ್: ಶುರು ಮಾಡುವುದು ಇಲ್ಲಿಂದ

ಒಂದೇ ಒಂದು ಎಂಜೈಮ್ ಕೊಳ್ಳುವಷ್ಟು ದುಡ್ಡಿದ್ದರೆ ಫೈಟೇಸ್ ಕೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕಾರಣ ಇದು.

ಗೋವಿನಜೋಳ, ಸೋಯಾ ಡಿಒಸಿ (ಎಣ್ಣೆ ತೆಗೆದ ಸೋಯಾ ಹಿಂಡಿ), ಅಕ್ಕಿ ತೌಡು, ಎಲ್ಲದರಲ್ಲೂ ರಂಜಕ ಇದೆ. ಆದರೆ ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಲ್ಲಿ ಕಟ್ಟಿಬಿದ್ದಿರುತ್ತದೆ. ಅದನ್ನು ಬಿಡಿಸಿಕೊಳ್ಳಲು ಬೇಕಾದಷ್ಟು ಫೈಟೇಸ್ ಕೋಳಿಯ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ. ಹಾಗಾಗಿ ನಾವು ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ, ತಂದು ಸುರಿಯುತ್ತೇವೆ. ಕಾಳಿನೊಳಗಿನ ರಂಜಕ ಮಾತ್ರ ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ. ಫೈಟೇಟ್ ಇನ್ನೂ ಒಂದು ಕೆಲಸ ಕೆಡಿಸುತ್ತದೆ. ಕ್ಯಾಲ್ಸಿಯಂ, ಸತು, ಪ್ರೋಟೀನ್ ಇವನ್ನೂ ಹಿಡಿದುಕೊಳ್ಳುತ್ತದೆ.

ಮೊದಲ ವ್ಯಾಪಾರಿ ಫೈಟೇಸ್ 1991ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾರುಕಟ್ಟೆಗೆ ಬಂತು. ಹಂದಿ, ಕೋಳಿ ಗೊಬ್ಬರದ ರಂಜಕ ಅಲ್ಲಿಯ ನೀರನ್ನು ಕೆಡಿಸುತ್ತಿತ್ತು, ಅದನ್ನು ತಗ್ಗಿಸುವುದು ದೊಡ್ಡ ಕಾರಣವಾಗಿತ್ತು. ನಮ್ಮ ಶೆಡ್‌ಗಳ ಗೊಬ್ಬರ ಕಬ್ಬಿಗೆ, ದಾಳಿಂಬೆಗೆ ಹೋಗುತ್ತದೆ, ಆದ್ದರಿಂದ ನಾವು ಆ ಕಡೆ ಅಷ್ಟು ಯೋಚಿಸುವುದಿಲ್ಲ. ನಮಗೆ ಡಿಸಿಪಿಯ ಬೆಲೆಯೇ ಸಾಕಾದ ಕಾರಣ.

ಈಗ ಲೆಕ್ಕಕ್ಕೆ ಬರೋಣ. ಫೈಟೇಸ್ ಅಳತೆ ಎಫ್‌ಟಿಯು. ಒಂದು ಕಿಲೋ ಫೀಡಿಗೆ 500 ಎಫ್‌ಟಿಯು ಮಾಮೂಲು ಪ್ರಮಾಣ. ನಿಮ್ಮ ಪ್ಯಾಕೆಟ್ ಮೇಲೆ ಗ್ರಾಂಗೆ 5000 ಎಫ್‌ಟಿಯು ಅಂತ ಇದ್ದರೆ, ಒಂದು ಟನ್ ಫೀಡಿಗೆ ಬೇಕಾಗುವುದು 100 ಗ್ರಾಂ. ಗ್ರಾಂಗೆ 10,000 ಇದ್ದರೆ 50 ಗ್ರಾಂ. ದರ ಹೋಲಿಸುವಾಗ ಕಿಲೋ ಬೆಲೆ ನೋಡಬೇಡಿ. ಒಂದು ಟನ್ ಫೀಡಿಗೆ ಎಷ್ಟು ಬೀಳುತ್ತದೆ ಅಂತ ನೋಡಿ.

ಈ 500 ಎಫ್‌ಟಿಯುನಿಂದ ಸುಮಾರು 0.12 ಪ್ರತಿಶತ ರಂಜಕ ಕೋಳಿಗೆ ಸಿಗುತ್ತದೆ ಅಂತ ಹಿಡಿಯಿರಿ. ಉತ್ಪನ್ನದಿಂದ ಉತ್ಪನ್ನಕ್ಕೆ ಇದು ಸ್ವಲ್ಪ ಹೆಚ್ಚುಕಡಿಮೆ. ಟನ್ನಿಗೆ ಅದು 1.2 ಕಿಲೋ ರಂಜಕ. ಡಿಸಿಪಿಯಲ್ಲಿ ರಂಜಕ ಸುಮಾರು 18 ಪ್ರತಿಶತ. ಅಂದರೆ ಟನ್ನಿಗೆ ಆರೂವರೆ ಕಿಲೋ ಡಿಸಿಪಿಯ ಕೆಲಸವನ್ನು 100 ಗ್ರಾಂ ಪುಡಿ ಮಾಡುತ್ತದೆ. ನಾನು ಪೂರ್ತಿ ತೆಗೆಯುವುದಿಲ್ಲ. ಐದು ಕಿಲೋ ತೆಗೆದು ಒಂದು ಬ್ಯಾಚ್ ನೋಡಿ, ಕಾಲು ಗಟ್ಟಿಯಾಗಿದ್ದರೆ, ಮರಿ ಕುಂಟದಿದ್ದರೆ ಮುಂದಿನ ಬ್ಯಾಚಿಗೆ ಆರು ಮಾಡಿ ಅಂತ ಹೇಳುತ್ತೇನೆ. ಡಿಸಿಪಿ ತೆಗೆಯದೆ ಸುಮ್ನೆ ಫೈಟೇಸ್ ಮೇಲೆ ಸೇರಿಸಿದರೆ ಉಳಿತಾಯದ ದೊಡ್ಡ ಪಾಲು ಕೈಗೆ ಬರುವುದೇ ಇಲ್ಲ.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಡಿಸಿಪಿ ತೆಗೆದಾಗ ಟನ್ನಿನಲ್ಲಿ ಐದಾರು ಕಿಲೋ ಜಾಗ ಖಾಲಿಯಾಗುತ್ತದೆ. ಅದನ್ನು ಎಲ್‌ಎಸ್‌ಪಿಯಿಂದ, ಅಂದರೆ ಸುಣ್ಣಕಲ್ಲಿನ ಪುಡಿಯಿಂದ ತುಂಬುತ್ತಾರೆ. ಅಗ್ಗ ಅಲ್ವಾ? ಆದರೆ ಕ್ಯಾಲ್ಸಿಯಂ ಜಾಸ್ತಿಯಾದರೆ ಅದು ಫೈಟೇಟ್ ಜೊತೆ ಕೂಡಿ ಕರಗದ ಗಂಟಾಗುತ್ತದೆ. ಫೈಟೇಸ್‌ಗೆ ಅದು ಸಿಗುವುದೇ ಇಲ್ಲ. ಒಂದು ಕೈಯಲ್ಲಿ ಎಂಜೈಮ್ ಹಾಕಿ ಇನ್ನೊಂದು ಕೈಯಲ್ಲಿ ಅದರ ಕೈ ಕಟ್ಟಿದ ಹಾಗೆ. ಆ ಜಾಗಕ್ಕೆ ಗೋವಿನಜೋಳ ಹಾಕಿ. ಡಿಸಿಪಿ ಜೊತೆ ಹೋದ ಕ್ಯಾಲ್ಸಿಯಂ ಸರಿದೂಗಿಸಲು ಒಂದು ಕಿಲೋ ಎಲ್‌ಎಸ್‌ಪಿ ಹೆಚ್ಚೆಂದರೆ ಸಾಕು, ಏಕೆಂದರೆ ಫೈಟೇಸ್ ಸ್ವಲ್ಪ ಕ್ಯಾಲ್ಸಿಯಂ ಅನ್ನೂ ಬಿಡಿಸಿ ಕೊಡುತ್ತದೆ. ಸ್ಟಾರ್ಟರ್‌ನಲ್ಲಿ, ಅಂದರೆ ಮರಿಗಳ ಮೊದಲ ಫೀಡಿನಲ್ಲಿ, ಒಟ್ಟು ಕ್ಯಾಲ್ಸಿಯಂ 1 ಪ್ರತಿಶತದ ಹತ್ತಿರ ಇರಲಿ, ದಾಟದಿರಲಿ.

ಕೊಂಕಣದಿಂದ ಬರುವ ಒಣಮೀನಿನ ಪುಡಿ, ಇಲ್ಲವೇ ಎಂಬಿಎಂ (ಮಾಂಸ-ಎಲುಬಿನ ಪುಡಿ) ಹಾಕುವವರು ಇನ್ನೊಂದು ನೆನಪಿಡಬೇಕು. ಅವುಗಳ ರಂಜಕ ಎಲುಬಿನದು, ಫೈಟೇಟ್ ಅಲ್ಲ. ಅದರ ಮೇಲೆ ಫೈಟೇಸ್‌ಗೆ ಕೆಲಸ ಇಲ್ಲ. ಅಂಥ ಫಾರ್ಮುಲಾದಲ್ಲಿ ಡಿಸಿಪಿ ಮೊದಲೇ ಕಡಿಮೆ ಇರುತ್ತದೆ, ತೆಗೆಯಲು ಐದು ಕಿಲೋ ಇರುವುದಿಲ್ಲ. ಇದಕ್ಕೆ ತದ್ವಿರುದ್ಧ ಅಕ್ಕಿ ತೌಡು. ಅದರಲ್ಲಿ ಫೈಟೇಟ್ ತುಂಬಾ ಜಾಸ್ತಿ. ಎಣ್ಣೆ ತೆಗೆದ ತೌಡು ಬಳಸುವವರಿಗೆ ಫೈಟೇಸ್ ಬೇಕೇಬೇಕು.

ಉಳಿದ ಎಂಜೈಮ್‌ಗಳು ನಿಮ್ಮ ಚೀಲದ ಮೇಲೆ ನಿಂತಿವೆ

ಬರೀ ಗೋವಿನಜೋಳ, ಒಳ್ಳೆ ಸೋಯಾ ಡಿಒಸಿ, ಸ್ವಲ್ಪ ಎಣ್ಣೆ. ನಿಮ್ಮ ಫೀಡ್ ಇಷ್ಟೇ ಆಗಿದ್ದರೆ ಫೈಟೇಸ್ ಆದ ಮೇಲೆ ಅವಸರ ಇಲ್ಲ. ಆದರೆ ಈಗ ಅಷ್ಟು ಸರಳವಾದ ಫೀಡ್ ಯಾರೂ ಕಲಸುವುದಿಲ್ಲ. ಎಥನಾಲ್ ಕಾರ್ಖಾನೆಗಳು ಗೋವಿನಜೋಳ ಕೊಳ್ಳತೊಡಗಿದ ಮೇಲೆ ದರ ಏರಿತು. ಜನ ಸಜ್ಜೆ, ನುಚ್ಚಕ್ಕಿ, ಗೋಧಿ ನುಚ್ಚು, ಡಿಡಿಜಿಎಸ್ (ಕಾಳಿನಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಂಡಿ), ಗೌರ್ ಕೊರ್ಮಾ (ಗೋರಿಕಾಯಿ ಬೀಜದ ಅಂಟು ತೆಗೆದ ಮೇಲೆ ಉಳಿಯುವ ಹಿಂಡಿ), ಏನು ಅಗ್ಗವೋ ಅದನ್ನು ತರುತ್ತಿದ್ದಾರೆ. ಎಂಜೈಮ್ ಆಯ್ಕೆ ಇಲ್ಲಿಂದ ಶುರು.

ಗೋಧಿ ಅಥವಾ ಗೋಧಿ ಬೂಸಾ ಇದ್ದರೆ ಝೈಲನೇಸ್ ಹಾಕಿ. ಗೋಧಿಯಲ್ಲಿ ನೀರಿನಲ್ಲಿ ಕರಗುವ ಒಂದು ಬಗೆಯ ನಾರು ಇದೆ, ಅರಾಬಿನೋಝೈಲಾನ್ ಅಂತ. ಕರುಳಿನಲ್ಲಿ ಅದು ಅಂಟಂಟಾಗಿ ನೀರು ಹಿಡಿದುಕೊಳ್ಳುತ್ತದೆ. ಕೋಳಿಯ ಸ್ವಂತ ಎಂಜೈಮ್‌ಗಳು ಆಹಾರಕ್ಕೆ ಸರಿಯಾಗಿ ತಲುಪುವುದಿಲ್ಲ. ಹಿಕ್ಕೆ ಅಂಟಾಗುತ್ತದೆ, ಲಿಟರ್ (ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು) ಒದ್ದೆಯಾಗುತ್ತದೆ. ಝೈಲನೇಸ್ ಆ ಅಂಟನ್ನು ಮುರಿಯುತ್ತದೆ. ಗೋವಿನಜೋಳ, ಡಿಡಿಜಿಎಸ್‌ನಲ್ಲಿಯೂ ಇದೇ ನಾರು ಇದೆ, ಆದರೆ ಹೆಚ್ಚಿನದು ಕರಗದ ಬಗೆಯದು. ಅಲ್ಲಿ ಝೈಲನೇಸ್‌ನ ಲಾಭ ಇದೆ, ಗೋಧಿಯಷ್ಟು ಕಣ್ಣಿಗೆ ಕಾಣುವುದಿಲ್ಲ.

ಡಿಡಿಜಿಎಸ್ ಬಗ್ಗೆ ಒಂದು ಎಚ್ಚರಿಕೆ. ಕಾಳಿನಲ್ಲಿದ್ದ ಬೂಷ್ಟಿನ ವಿಷ ಡಿಡಿಜಿಎಸ್‌ನಲ್ಲಿ ಸುಮಾರು ಮೂರು ಪಟ್ಟು ಸೇರಿಕೊಳ್ಳುತ್ತದೆ, ಏಕೆಂದರೆ ಪಿಷ್ಟ ಹೋಗಿ ಉಳಿದದ್ದೆಲ್ಲ ಗಟ್ಟಿಯಾಗುತ್ತದೆ. ಮೇಲೆ ಹೇಳಿದ ಎಂಜೈಮ್‌ಗಳು ಆ ವಿಷಕ್ಕೆ ಏನೂ ಮಾಡುವುದಿಲ್ಲ. ಅದಕ್ಕೆ ಮೈಕೋಟಾಕ್ಸಿನ್ ಪರೀಕ್ಷೆ ಮಾಡಿಸಿ, ವಿಷ ಹಿಡಿದಿಡುವ ಟಾಕ್ಸಿನ್ ಬೈಂಡರ್ ಬೇರೆ ಹಾಕಿ.

ಗೌರ್ ಕೊರ್ಮಾದಲ್ಲಿ ಪ್ರೋಟೀನ್ ಒಳ್ಳೆಯದಿದೆ, ಅಗ್ಗವೂ ಹೌದು. ಆದರೆ ಅದರೊಳಗೆ ಗೋರಿಕಾಯಿ ಬೀಜದ ಅಂಟು, ಗ್ಯಾಲಕ್ಟೋಮನ್ನಾನ್, ಉಳಿದಿರುತ್ತದೆ. ಅದಕ್ಕೆ ಬೇಕಾದದ್ದು ಬೀಟಾ-ಮನ್ನನೇಸ್. ಸೋಯಾದಲ್ಲಿಯೂ ಇದೇ ವಸ್ತು ಸ್ವಲ್ಪ ಇದೆ, ಅದಕ್ಕೇ ಸೋಯಾ ಜಾಸ್ತಿ ಇರುವ ಫೀಡಿನಲ್ಲೂ ಮನ್ನನೇಸ್ ಕೆಲಸ ಮಾಡುತ್ತದೆ. ಕೊರ್ಮಾ ನಾನು ಫಿನಿಶರ್‌ನಲ್ಲಿ (ಮಾರುವ ಮುಂಚಿನ ಕೊನೆಯ ಫೀಡು) 5 ಪ್ರತಿಶತ ದಾಟಿಸುವುದಿಲ್ಲ. ಮೊದಲ ವಾರದ ಮರಿಗೆ ಕೊಡುವುದೇ ಇಲ್ಲ, ಎಂಜೈಮ್ ಇದ್ದರೂ.

ಪ್ರೋಟಿಯೇಸ್ ಪ್ರೋಟೀನ್ ಒಡೆಯುತ್ತದೆ. ಸೋಯಾ ಗುಣಮಟ್ಟ ಲಾರಿಯಿಂದ ಲಾರಿಗೆ ಬದಲಾಗುವ ನಮ್ಮಂಥವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಸೋಯಾ ಸರಿಯಾಗಿ ಹುರಿಯದೆ ಬಂದಿದ್ದರೆ ಪ್ರೋಟಿಯೇಸ್ ಅದನ್ನು ಪೂರ್ತಿ ಸರಿಮಾಡಲಾರದು. ಮೊದಲು ಯೂರಿಯೇಸ್ ಪರೀಕ್ಷೆ ಕೇಳಿ. ಅಂಕಿ 0.05ರಿಂದ 0.2ರ ನಡುವೆ ಇದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಸೋಯಾ ಹಸಿ ಇದೆ, ತುಂಬಾ ಕಡಿಮೆ ಇದ್ದರೆ ಸುಟ್ಟಿರಬಹುದು.

ಬಾರ್ಲಿ ಇಲ್ಲದ ಫೀಡಿಗೆ ಬೀಟಾ-ಗ್ಲೂಕನೇಸ್‌ನಿಂದ ದೊಡ್ಡ ಲಾಭ ಇಲ್ಲ. ಸೆಲ್ಯುಲೇಸ್ ಕೂಡ ಹಾಗೆಯೇ. ಆಹಾರ ಕೋಳಿಯ ಹೊಟ್ಟೆಯಲ್ಲಿ ನಿಲ್ಲುವುದೇ ಕೆಲವು ಗಂಟೆ, ಅಷ್ಟರಲ್ಲಿ ಗಟ್ಟಿ ನಾರು ಕರಗುವುದಿಲ್ಲ. "ಒಂಬತ್ತು ಎಂಜೈಮ್ ಒಂದೇ ಪ್ಯಾಕೆಟ್‌ನಲ್ಲಿ" ಅಂತ ಬಂದರೆ, ಅದರಲ್ಲಿ ನಿಮ್ಮ ಚೀಲಕ್ಕೆ ಬೇಕಾದ ಎರಡು ಮೂರು ಎಷ್ಟು ಯೂನಿಟ್ ಇವೆ ಅಂತಷ್ಟೇ ನೋಡಿ. ಯೂನಿಟ್ ವಿಷಯದಲ್ಲೂ ಹುಷಾರು. ಝೈಲನೇಸ್ ಯೂನಿಟ್ ಅಳೆಯುವ ರೀತಿ ತಯಾರಕರಿಂದ ತಯಾರಕರಿಗೆ ಬೇರೆ. ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಯ ಪಕ್ಕ ಇಟ್ಟು "ಇದು ದೊಡ್ಡದು" ಅನ್ನಲು ಬರುವುದಿಲ್ಲ.

ಈ ಎಂಜೈಮ್‌ಗಳಿಗೂ ತಯಾರಕರು ಒಂದು ಲೆಕ್ಕದ ಹಾಳೆ ಕೊಡುತ್ತಾರೆ. ಇಷ್ಟು ಕಿಲೋಕ್ಯಾಲರಿ ಶಕ್ತಿ ಸಿಗುತ್ತದೆ, ಇಷ್ಟು ಎಣ್ಣೆ ತೆಗೆಯಿರಿ ಅಂತ. ಮೊದಲ ಬ್ಯಾಚಿಗೆ ಆ ಅಂಕಿಯ ಅರ್ಧ ಮಾತ್ರ ನಂಬಿ. ಫೈಟೇಸ್, ಝೈಲನೇಸ್, ಪ್ರೋಟಿಯೇಸ್ ಮೂರರ ಅಂಕಿಗಳನ್ನೂ ಹಾಗೇ ಕೂಡಿಸಿ ಎಣ್ಣೆ, ಸೋಯಾ ಕಡಿಮೆ ಮಾಡಿದರೆ ಕೋಳಿ ಸೊರಗುತ್ತದೆ. ಅರಗದೆ ಉಳಿದದ್ದು ಇರುವುದು ಒಂದೇ, ಮೂವರೂ ಅದನ್ನೇ ಹಂಚಿಕೊಳ್ಳುತ್ತಾರೆ.

ಕಲಸುವುದು

ಶೆಡ್ ನೋಡಿಕೊಳ್ಳುವ ಅಫಜಲಪುರದ ಗಂಡ-ಹೆಂಡತಿಗೆ ನಾನು ಮೊದಲು ಕಲಿಸಿದ್ದು ಇದನ್ನೇ. ಟನ್ನಿಗೆ 100 ಗ್ರಾಂ ಅಂದರೆ ಹತ್ತು ಸಾವಿರಕ್ಕೆ ಒಂದು ಭಾಗ. ಅದನ್ನು ನೇರ ಮಿಕ್ಸರ್‌ಗೆ ಸುರಿದರೆ ಒಂದು ಚೀಲಕ್ಕೆ ಎಲ್ಲಾ ಹೋಗುತ್ತದೆ, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು 100 ಗ್ರಾಂ ಪುಡಿಯನ್ನು ಒಂದು ಕಿಲೋ ಸಣ್ಣ ಗೋವಿನಜೋಳದ ಹಿಟ್ಟಿಗೆ ಕಲಸಿ. ಅದನ್ನು ಹತ್ತು ಕಿಲೋಗೆ ಕಲಸಿ. ಆಮೇಲೆ ಮಿಕ್ಸರ್‌ಗೆ, ಅದೂ ಅರ್ಧ ಜೋಳ ಬಿದ್ದ ಮೇಲೆ. ಅಡ್ಡ ರಿಬ್ಬನ್ ಮಿಕ್ಸರ್ ಆದರೆ ನಾಲ್ಕೈದು ನಿಮಿಷ ಸಾಕು. ನಿಂತ ಸ್ಕ್ರೂ ಮಿಕ್ಸರ್ ಆದರೆ ಹನ್ನೆರಡರಿಂದ ಹದಿನೈದು ನಿಮಿಷ ತಿರುಗಲಿ. ಎಣ್ಣೆ ಕೊನೆಗೆ.

ಆ ಒಂದು ಕಿಲೋ ಹಿಟ್ಟಿಗೆ ಕೋಲಿನ್ ಕ್ಲೋರೈಡ್, ಮೈಲುತುತ್ತ ಇವನ್ನು ಸೇರಿಸಬೇಡಿ. ಕೋಲಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ತೇವ ಬಿದ್ದರೆ ಎಂಜೈಮ್ ಸತ್ವ ಕಳೆದುಕೊಳ್ಳುತ್ತದೆ. ನಮ್ಮ ದೌಂಡ್ ಕಡೆ ಮಳೆ ಕಡಿಮೆ, ಆದರೆ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಒಲೆಯ ಕಾವು. ಮಾವಳ, ಮುಳಶಿ ಕಡೆಯವರಿಗೆ ಮಳೆಗಾಲದ ತೇವದ ಕಾಟ. ಎರಡೂ ಕಡೆ ಪ್ಯಾಕೆಟ್ ಮನೆಯೊಳಗೆ ಇರಲಿ, ಬಾಯಿ ಬಿಗಿಯಾಗಿ ಮುಚ್ಚಿರಲಿ. ಫೀಡ್ ಗೋದಾಮಿನಲ್ಲಿ ಬೇಡ.

ಮ್ಯಾಶ್, ಅಂದರೆ ಪುಡಿ ಫೀಡಿಗೆ ಸಾದಾ ಎಂಜೈಮ್ ಪುಡಿ ಸಾಕು. ಪೆಲೆಟ್ (ಗುಳಿಗೆ) ಮಾಡಿಸುವವರಿಗೆ ಸಾಲದು. ಉಗಿ ಕೊಡುವಾಗ ಬಿಸಿ 80 ಡಿಗ್ರಿ ದಾಟಿದರೆ ಸಾದಾ ಎಂಜೈಮ್‌ನ ಬಹುಪಾಲು ಅಲ್ಲೇ ಹಾಳಾಗುತ್ತದೆ. ಬಿಸಿ ತಡೆಯುವ, ಲೇಪನ ಇರುವ ಉತ್ಪನ್ನ ಕೇಳಿ. ಪೆಲೆಟ್ ಆದ ಮೇಲೆ ಎಷ್ಟು ಉಳಿಯುತ್ತದೆ ಎಂಬ ಪರೀಕ್ಷಾ ವರದಿಯನ್ನೂ ಕೇಳಿ. ಅದನ್ನು ತೋರಿಸದವರ ಮಾಲು ಬೇಡ.

ಗ್ರೈಂಡರ್ ಜಾಲರಿಯೂ ಇಲ್ಲಿಗೆ ಸೇರಿದ್ದೇ. ಗೋವಿನಜೋಳವನ್ನು ಹಿಟ್ಟಿನ ಹಾಗೆ ನುಣ್ಣಗೆ ಮಾಡಬೇಡಿ. 3ರಿಂದ 4 ಮಿಲಿಮೀಟರ್ ಜಾಲರಿಯಲ್ಲಿ ರವೆಯಂತೆ ಒಡೆದರೆ ಕೋಳಿಯ ಕಲ್ಲುಹೊಟ್ಟೆ ದುಡಿಯುತ್ತದೆ, ಆಹಾರ ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಫೈಟೇಸ್ ಕೆಲಸ ಮಾಡುವುದು ಮುಖ್ಯವಾಗಿ ಗಂಟಲಚೀಲ, ಕಲ್ಲುಹೊಟ್ಟೆಯ ಆ ಹುಳಿ ಜಾಗದಲ್ಲೇ. ಖರ್ಚಿಲ್ಲದ ಲಾಭ ಇದು.

ಕರುಳಿನ ಆರೋಗ್ಯ ಎಲ್ಲಿಂದ ಬರುತ್ತದೆ

ಅರಗದೆ ಉಳಿದ ಪ್ರೋಟೀನ್, ಪಿಷ್ಟ ಕರುಳಿನ ಕೆಳಭಾಗಕ್ಕೆ ಇಳಿದರೆ ಅಲ್ಲಿನ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಅದು ಊಟ. ಅದರಲ್ಲಿ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಬೆಳೆದರೆ ಕರುಳು ಕೊಳೆಯುವ ರೋಗ ಬರುತ್ತದೆ, ನೆಕ್ರೋಟಿಕ್ ಎಂಟರೈಟಿಸ್. ಎಂಜೈಮ್ ಆಹಾರವನ್ನು ಮೇಲೆಯೇ ಅರಗಿಸಿದರೆ ಕೆಳಗೆ ಹೋಗುವುದು ಕಡಿಮೆ. ಕರುಳಿಗೆ ಎಂಜೈಮ್ ಮಾಡುವ ಮುಖ್ಯ ಉಪಕಾರ ಇದು. ಲಿಟರ್ ಒಣಗಿರುತ್ತದೆ, ಅಮೋನಿಯಾ ಕಡಿಮೆ, ಪಾದದ ಹುಣ್ಣು ಕಡಿಮೆ.

ಆದರೆ ಒದ್ದೆ ಲಿಟರ್ ಕಂಡ ಕೂಡಲೇ ಎಂಜೈಮ್ ಹುಡುಕಬೇಡಿ. ಲಿಟರ್ ಒಂದು ಮುಷ್ಟಿ ಹಿಡಿದು ಒತ್ತಿ ಬಿಡಿ. ಉಂಡೆಯಾಗಿ ಹಾಗೇ ನಿಂತರೆ ಒದ್ದೆ, ಬಿಟ್ಟ ಕೂಡಲೇ ಉದುರಿದರೆ ಸರಿ. ಒದ್ದೆ ಇದ್ದರೆ ಮೊದಲು ನೀರು ಕುಡಿಯುವ ನಿಪ್ಪಲ್ ಸೋರುತ್ತಿದೆಯೇ, ಫೀಡಿನಲ್ಲಿ ಉಪ್ಪು ಜಾಸ್ತಿಯೇ, ಗಾಳಿ ಆಡುತ್ತಿದೆಯೇ ನೋಡಿ. ಮೀನಿನ ಪುಡಿಯ ಜೊತೆ ಎಷ್ಟೋ ಉಪ್ಪು ಬಂದಿರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿ, ಅಂದರೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ, ಇರಬಹುದು. ಕಾಕ್ಸಿಡಿಯೋಸಿಸ್ ತಡೆಯುವ ಔಷಧವನ್ನು ಫೀಡಿನಿಂದ ತೆಗೆದು ಅದರ ಜಾಗಕ್ಕೆ ಎಂಜೈಮ್ ಹಾಕುವ ಯೋಚನೆ ದಯವಿಟ್ಟು ಬೇಡ. ಎರಡರ ಕೆಲಸ ಬೇರೆ.

ಸತ್ತ ಕೋಳಿ ಇದ್ದರೆ ಊಹೆ ಬಿಟ್ಟು ಕೊಯ್ದು ನೋಡಿಸಿ. ಪುಣೆಯ ಔಂಧ್‌ನಲ್ಲಿ ಸರ್ಕಾರದ ಪಶುರೋಗ ತಪಾಸಣಾ ವಿಭಾಗ ಇದೆ. ಸಾತಾರಾ ರಸ್ತೆಯ ಶಿರವಳದಲ್ಲಿ ಪಶುವೈದ್ಯ ಕಾಲೇಜಿದೆ. ಯಾರೋ ಹೇಳಿದರೆಂದು ಕೊಲಿಸ್ಟಿನ್ ನೀರಿಗೆ ಹಾಕಬೇಡಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಔಷಧ ಅದು. ನಮ್ಮ ಮಕ್ಕಳಿಗೂ ನಾಳೆ ಬೇಕಾಗಬಹುದು.

ನಿಮ್ಮ ಶೆಡ್‌ನಲ್ಲೇ ಪರೀಕ್ಷೆ ಮಾಡಿ

ಪಕ್ಕದವರ ಶೆಡ್‌ನಲ್ಲಿ ತೂಕ ಬಂತು ಅನ್ನುವುದು ಪುರಾವೆ ಅಲ್ಲ. ಅವರ ಮರಿ ಬೇರೆ, ಗಾಳಿ ಬೇರೆ, ಜೋಳ ಬೇರೆ. ನಿಮ್ಮದೇ ಶೆಡ್ ಅನ್ನು ಉದ್ದಕ್ಕೆ ಜಾಲರಿ ಕಟ್ಟಿ ಎರಡು ಮಾಡಿ. ಅಡ್ಡಕ್ಕೆ ಕಟ್ಟಿದರೆ ಫ್ಯಾನಿನ ತುದಿಗೆ ಒಂದು ಗುಂಪು, ಬಿಸಿ ತುದಿಗೆ ಒಂದು ಗುಂಪು ಆಗಿಬಿಡುತ್ತದೆ. ಎರಡೂ ಕಡೆ ಒಂದೇ ಹ್ಯಾಚರಿಯ, ಒಂದೇ ದಿನದ ಮರಿ, ಒಂದೇ ಸಂಖ್ಯೆ. ಒಂದು ಕಡೆ ಹಳೆಯ ಫಾರ್ಮುಲಾ, ಇನ್ನೊಂದು ಕಡೆ ಎಂಜೈಮ್ ಹಾಕಿ ಡಿಸಿಪಿ ತೆಗೆದದ್ದು. ಚೀಲಗಳಿಗೆ ಬೇರೆ ಬಣ್ಣದ ದಾರ ಕಟ್ಟಿ, ಇಲ್ಲದಿದ್ದರೆ ಅವಸರದಲ್ಲಿ ಅದಲುಬದಲು ಆಗುತ್ತದೆ. 7, 14, 21, 28, 35ನೇ ದಿನ ಪ್ರತಿ ಕಡೆಯಿಂದ ಐವತ್ತು ಕೋಳಿ ತೂಗಿ. ದಪ್ಪ ನೋಡಿ ಹಿಡಿಯಬೇಡಿ. ಮೂಲೆಯಲ್ಲಿ ಒಂದು ಗುಂಪು ಅಡ್ಡಹಾಕಿ, ಅದರಲ್ಲಿ ಇದ್ದವನ್ನೆಲ್ಲ ತೂಗಿ.

ಲೆಕ್ಕ ಹೀಗೆ. ತಿಂದ ಫೀಡನ್ನು ಒಟ್ಟು ತೂಕದಿಂದ ಭಾಗಿಸಿದರೆ ಎಫ್‌ಸಿಆರ್. ಎರಡು ಕಿಲೋ ಇನ್ನೂರು ಗ್ರಾಂ ಕೋಳಿಯಲ್ಲಿ ಎಫ್‌ಸಿಆರ್ 1.65ರಿಂದ 1.60ಕ್ಕೆ ಇಳಿದರೆ ಒಂದು ಕೋಳಿಗೆ 110 ಗ್ರಾಂ ಫೀಡ್ ಉಳಿಯಿತು. ಐದು ಸಾವಿರ ಕೋಳಿಗೆ 550 ಕಿಲೋ, ಅಂದರೆ ಐವತ್ತು ಕಿಲೋದ ಹನ್ನೊಂದು ಚೀಲ. ಅದರ ಬೆಲೆಗೆ ಉಳಿದ ಡಿಸಿಪಿ ಬೆಲೆ ಸೇರಿಸಿ, ಎಂಜೈಮ್ ಖರ್ಚು ಕಳೆಯಿರಿ. ಉಳಿದದ್ದು ನಿಮ್ಮದು.

ಸಾವು, ದಿನ ಎಲ್ಲವನ್ನೂ ಒಟ್ಟಿಗೆ ನೋಡಲು ಇಇಎಫ್ ಎಂಬ ಅಂಕ ಲೆಕ್ಕಹಾಕಿ. ಬದುಕಿದ ಕೋಳಿಗಳ ಪ್ರತಿಶತವನ್ನು ಸರಾಸರಿ ತೂಕದಿಂದ ಗುಣಿಸಿ. ಅದನ್ನು ದಿನ ಮತ್ತು ಎಫ್‌ಸಿಆರ್‌ನ ಗುಣಲಬ್ಧದಿಂದ ಭಾಗಿಸಿ, ನೂರರಿಂದ ಗುಣಿಸಿ. 95 ಪ್ರತಿಶತ ಬದುಕಿ, 38 ದಿನಕ್ಕೆ 2.2 ಕಿಲೋ ಬಂದು, ಎಫ್‌ಸಿಆರ್ 1.6 ಇದ್ದರೆ ಸುಮಾರು 344. ಎರಡೂ ಕಡೆಯ ಅಂಕಿ ಪಕ್ಕಪಕ್ಕ ಬರೆದಿಡಿ.

ಒಂದು ಬ್ಯಾಚಿನಲ್ಲಿ ನಾಲ್ಕೈದು ಅಂಕ ವ್ಯತ್ಯಾಸ ಬಂದರೆ ಅದನ್ನು ನಂಬಿ ಕುಣಿಯಬೇಡಿ, ಸುಮ್ನೆ ಹಾಗೆ ಬರುವುದೂ ಉಂಟು. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿ, ಜಾಲರಿಯ ಬದಿ ಅದಲುಬದಲು ಮಾಡಿ. ಆಗಲೂ ಎಂಜೈಮ್ ಬದಿಯೇ ಮೇಲೆ ಬಂದರೆ ಇಡೀ ಶೆಡ್‌ಗೆ ಹಾಕಿ. ಜೋಳದ ಲಾಟ್ ಬದಲಾದಾಗ, ಇಲ್ಲವೇ ಹೊಸ ಕಚ್ಚಾ ಮಾಲು ಸೇರಿಸಿದಾಗ ಫಾರ್ಮುಲಾ ಹಾಳೆ ಮತ್ತೆ ಕೈಗೆತ್ತಿಕೊಳ್ಳಿ. ಅದನ್ನು ತೆಗೆದುಕೊಂಡು ಯವತ್ ಕಡೆ ಬಂದರೆ ಕೂತು ಲೆಕ್ಕ ಮಾಡೋಣ.